ವಿಷಯ: ‘ಡಿಫರೆನ್ಷಿಯಲ್ ಮೌಂಟ್’ಗೆ ಏನನ್ನೋಣ? ಶನಿವಾರದೊಳಗೆ ಬೇಕು

ಹೆಬ್ಬಾಳ ಶೆಡ್ಡು, ಮೈಸೂರು:

ಗುಂಪಿನ ಎಲ್ಲರಿಗೂ ನಮಸ್ಕಾರ. ಎರಡು ಮೂರು ಇಂಗ್ಲಿಷ್ ಪದಕ್ಕೆ ಕನ್ನಡ ಅರ್ಜೆಂಟಾಗಿ ಬೇಕು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಾವು ಗೆಳೆಯರು ಸೇರಿ ಲೋಟಸ್ ಸೆವೆನ್ ಅನ್ನೋ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯ ಕಾರು ಕಟ್ಟುತ್ತಿದ್ದೇವೆ. ಚಾಸಿ, ಅಂದರೆ ಗಾಡಿಯ ಚೌಕಟ್ಟು, ನಮ್ಮದೇ ಕೈಕೆಲಸ. 25 ಮಿ.ಮೀ. ಚೌಕ ಪೈಪು, 1.6 ಮಿ.ಮೀ. ದಪ್ಪ. ಇಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ಮಾತ್ರ ಹಳೆಯ ಫೋರ್ಡ್ ಸಿಯೆರಾ ಕಾರಿನದ್ದು. ಇಂಗ್ಲೆಂಡಿನಲ್ಲಿ ಮನೆಯಲ್ಲೇ ಕಾರು ಕಟ್ಟುವವರು ಇದನ್ನು ತುಂಬ ಬಳಸುತ್ತಾರೆ. ಈಗ ಅದು ಚಾಸಿಗೆ ಕೂರುವ ಜಾಗದಲ್ಲಿ, ಅಂದರೆ ಮೌಂಟಿನಲ್ಲಿ, ಬೆಸುಗೆಯ ಅಂಚಿಗೇ ಬಿರುಕು ಬಂದಿದೆ.

ಗಟ್ಟಿ ಮಾಡುವುದು ಹೇಗೆ ಅಂತ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಬೇಕು. ವೆಲ್ಡಿಂಗ್ ಹುಡುಗರು ಮಂಡ್ಯ ಕಡೆಯವರು, ಐಟಿಐ ಓದಿದವರು. ಇಂಗ್ಲಿಷ್ ಹಾಳೆ ಕೊಟ್ಟರೆ ಚಿತ್ರ ನೋಡಿ ಮಡಚಿ ಇಡುತ್ತಾರೆ. ಆಯುಧಪೂಜೆ ಹೊತ್ತಿಗೆ ಗಾಡಿ ತನ್ನ ಚಕ್ರದ ಮೇಲೆ ನಿಂತಿರಬೇಕು ಅನ್ನೋದು ಎಲ್ಲರ ಹಟ.

‘ಡಿಫರೆನ್ಷಿಯಲ್ ಮೌಂಟ್’, ‘ಗಸೆಟ್’ (ಮೂಲೆ ಗಟ್ಟಿಯಾಗಲು ಬೆಸೆಯುವ ಪಟ್ಟಿ), ಆಮೇಲೆ ತಲೆಬರಹಕ್ಕೆ ಒಂದು ಮಾತು. ಮೊಬೈಲಿನ ಅನುವಾದ ‘ಅವಕಲನ ಆರೋಹಣಗಳ ಬಲವರ್ಧನೆ’ ಅಂತ ಕೊಟ್ಟಿತು. ಚಾಮುಂಡಿ ಬೆಟ್ಟ ಹತ್ತುವವರಿಗೆ ಟಾನಿಕ್ ಬರೆದುಕೊಟ್ಟ ಹಾಗಿದೆ.

ಸರಸ್ವತಿಪುರಂ:

‘ಅವಕಲನ’ ಗಣಿತದ್ದು. ಅಲ್ಲೇ ಇರಲಿ. ಮೌಂಟಿಗೆ ‘ಬೋದಿಗೆ’ ಅನ್ನಿ. ತೊಟ್ಟಿ ಮನೆಗಳಲ್ಲಿ ಕಂಬದ ತಲೆಯ ಮೇಲೆ ಕೂತು ತೊಲೆಯನ್ನು ಹೊರುತ್ತಲ್ಲ, ಅದೇ. ಅಚ್ಚುಕಟ್ಟಾದ ಪದ, ಈಗ ಕೆಲಸವಿಲ್ಲದೆ ಕೂತಿದೆ. ‘ಬಲವರ್ಧನೆ’ ಬೇಡ, ‘ಗಟ್ಟಿ ಮಾಡುವುದು’ ಸಾಕು.

ಮದ್ದೂರು:

ಎತ್ತಿನ ಗಾಡಿ ಕಟ್ಟಿದ ನಾಡು ಗಾಡಿಯ ಪದಕ್ಕೆ ಮೊಬೈಲು ಕೇಳುತ್ತಿದೆ! ನೊಗ, ಮೂಕಿ, ಗುಂಬ, ಕೀಲು, ಅಚ್ಚು ಎಲ್ಲವೂ ಕಣ್ಣ ಮುಂದೆ ಇವೆ. ಡಿಫರೆನ್ಷಿಯಲ್ ಅಂದರೆ ಅಚ್ಚಿನ ನಡುವೆ ಇರುವ ಗುಂಡನೆಯ ಬುರುಡೆ. ‘ಅಚ್ಚುಬುರುಡೆ’ ಅನ್ನಿ. ಮೌಂಟಿಗೆ ‘ಆನಿಕೆ’. ಗಸೆಟ್ಟಿಗೆ ‘ಮೂಲೆಗಟ್ಟು’. ಎಲ್ಲ ಅಪ್ಪಟ ಕನ್ನಡ. ಮುಗಿಯಿತು.

ಹೆಬ್ಬಾಳ ಶೆಡ್ಡು, ಮೈಸೂರು:

ಮೇಡಂ, ‘ಬೋದಿಗೆ’ ಓದಿ ಖುಷಿಯಾಯಿತು. ಆದರೆ ಕೂರುವುದಿಲ್ಲ. ಬೋದಿಗೆ ಮೇಲಿನ ಭಾರವನ್ನು ಕೆಳಕ್ಕೆ ಇಳಿಸುತ್ತದೆ, ಅಷ್ಟೇ ಅದರ ಕೆಲಸ. ನಮ್ಮ ಮೌಂಟು ಎಳೆತವನ್ನೂ ತಡೆಯಬೇಕು.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಪದಕ್ಕೆ ಇದು ಬೇಕು. ಇಂಜಿನ್ನಿನ ತಿರುಚುಬಲ 130 ನ್ಯೂಟನ್ ಮೀಟರ್. ಮೊದಲ ಗೇರು 3.5 ಪಟ್ಟು, ಡಿಫರೆನ್ಷಿಯಲ್ಲಿನ ಒಳಗಿನ ಕ್ರೌನ್ ಪಿನಿಯನ್ ಗೇರು 3.9 ಪಟ್ಟು. ಗುಣಿಸಿದರೆ ಸುಮಾರು 1,775 ನ್ಯೂಟನ್ ಮೀಟರ್. ಚಕ್ರಗಳು ಮುಂದಕ್ಕೆ ಉರುಳುವಾಗ ಡಿಫರೆನ್ಷಿಯಲ್ಲಿನ ಹೊರಮೈ ಹಿಮ್ಮುಖವಾಗಿ ತಿರುಗಲು ನೋಡುತ್ತದೆ. ಅಂದರೆ ಅದರ ಮೂತಿ ಮೇಲಕ್ಕೆ ಎಗರುತ್ತದೆ, ಹಿಂಭಾಗ ಕೆಳಕ್ಕೆ ಒತ್ತುತ್ತದೆ. ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ ನಡುವೆ 30 ಸೆಂ.ಮೀ. ಇದ್ದರೆ, ಎರಡೂ ಕಡೆ ಹತ್ತಿರ ಹತ್ತಿರ 600 ಕೆ.ಜಿ. ಭಾರದಷ್ಟು ಬಲ ಬೀಳುತ್ತದೆ. ಕ್ಲಚ್ಚು ತಟ್ಟನೆ ಬಿಟ್ಟರೆ ಇನ್ನೂ ಜಾಸ್ತಿ. ರಿವರ್ಸ್ ಹಾಕಿದಾಗ ಎಲ್ಲ ಉಲ್ಟಾ. ಹೀಗೆ ಮೇಲೆ ಕೆಳಗೆ ಎಳೆದಾಡಿಯೇ ಬೆಸುಗೆಯ ಪಕ್ಕದ, ಬಿಸಿ ತಾಗಿದ ಲೋಹ ಬಿರಿಯುವುದು.

‘ಆನಿಕೆ’ಗೂ ಇದೇ ತಕರಾರು. ಒರಗಿಕೊಂಡದ್ದು ಎಳೆದರೆ ಬರುತ್ತದೆ. ಇದು ಬರಬಾರದು.

ಇನ್ನು ‘ಅಚ್ಚುಬುರುಡೆ’. ಹುಡುಗರ ಮುಂದೆ ಓದಿದೆ. ಯಾರು ಬಿಟ್ಟಿದ್ದು ಸಾರ್ ಈ ಬುರುಡೆ ಅಂದರು.

ಕುವೆಂಪುನಗರ:

ಮದ್ದೂರಿನವರು ‘ಅಪ್ಪಟ’ ಎನ್ನುವ ಮೊದಲು ನಿಘಂಟು ತೆಗೆಯಬಹುದಿತ್ತು. ಗಾಡಿಯ ಅಚ್ಚು ‘ಅಕ್ಷ’ದ ತದ್ಭವ. ಲಕ್ಷ್ಮಿ ಲಚ್ಚಿ ಆದ ದಾರಿಯೇ. ನಿಮ್ಮ ಆಲೆಮನೆಯ ಅಚ್ಚುಬೆಲ್ಲದ ಅಚ್ಚು ಬೇರೆ, ಅದು ನಮ್ಮದು. ಎರಡನ್ನೂ ಒಂದೇ ಗಾಡಿಗೆ ಹೂಡಬೇಡಿ.

ಮದ್ದೂರು:

ಸಾವಿರ ವರ್ಷ ಬಾಯಲ್ಲಿ ಸವೆದದ್ದು ಕನ್ನಡವೇ. ಕೇಶಿರಾಜ 13ನೇ ಶತಮಾನದಲ್ಲೇ ತನ್ನ ವ್ಯಾಕರಣದಲ್ಲಿ ಇಂಥವಕ್ಕೆ ಒಂದು ಪ್ರಕರಣ ಇಟ್ಟ. ಓದಿದ್ದೇನೆ, ಪಾಠ ಬೇಡ.

ಕುವೆಂಪುನಗರ:

ಹಾಗಾದರೆ ‘ಬೋಲ್ಟು’ ಸವೆಯಲು ಎಷ್ಟು ವರ್ಷ ಕೊಡುತ್ತೀರಿ? ಕಾಗದ, ಜಮೀನು, ಗುಮಾಸ್ತ ಪಾರ್ಸಿ ಕಡೆಯಿಂದ ಬಂದವು. ಇಸ್ತ್ರಿ, ಅಲಮಾರು ಪೋರ್ಚುಗೀಸರ ಹಡಗಿನಲ್ಲಿ ಬಂದವು. ನಿಮ್ಮ ಜಮೀನಿನ ಕಾಗದ ಅಲಮಾರಿನಲ್ಲೇ ಇದೆ ತಾನೇ? ಅದಕ್ಕೆ ತಕರಾರಿಲ್ಲ, ಬೋಲ್ಟಿಗೆ ಮಾತ್ರ ತಕರಾರು.

ಮದ್ದೂರು:

ಬಂದವರನ್ನು ಕಳಿಸಿ ಅಂತ ನಾನು ಹೇಳಿಲ್ಲ. ಬಾಗಿಲು ತೆಗೆದಿಟ್ಟು ಮಲಗಬೇಡಿ ಅಂದೆ. ಮನೆಯಲ್ಲಿ ಇರುವ ಪದವನ್ನು ಅಟ್ಟಕ್ಕೆ ಹಾಕಿ ಅಂಗಡಿಗೆ ಓಡುವ ಚಟದ ಬಗ್ಗೆ ನನ್ನ ಮಾತು. ವೆಲ್ಡಿಂಗಿಗೆ ಬೆಸುಗೆ ಇದೆ. ಶೆಡ್ಡಿನವರೇ ಮೊದಲ ಪತ್ರದಲ್ಲಿ ಬಳಸಿದ್ದಾರೆ. ನಾಲ್ಕು ಸಾಲು ಕೆಳಗೆ ಅವರೇ ‘ವೆಲ್ಡಿಂಗ್ ಹುಡುಗರು’ ಅಂತಾರೆ. ಏಕೆ?

ಬನ್ನಿಮಂಟಪ:

ಸಾರ್, ಯಾಕೆಂದರೆ ‘ಬೆಸುಗೆ ಹುಡುಗರು’ ಅಂದರೆ ಮದುವೆ ಮಾಡಿಸೋರು ಅಂದ್ಕೊಳ್ತಾರೆ.

ನಾನು ಗ್ಯಾರೇಜಿನವನು, ಸುಮ್ನೆ ಓದ್ತಾ ಇದ್ದೆ. ನಾವು ಡಿಫರೆನ್ಷಿಯಲ್ಲಿನ ಇಡೀ ಬುರುಡೆಗೆ ಹೌಸಿಂಗ್ ಅಂತೀವಿ. ಒಳಗಿನದು ಕ್ರೌನ್. ಇಂಜಿನ್ ಮೌಂಟಿಗೆ ಹಳಬರು ಫೌಂಡೇಶನ್ ಅಂತಿದ್ದರು. ಈಗಿನ ಹುಡುಗರು ಮೌಂಟಿಂಗ್ ಅಂತಾರೆ. ಬೋಲ್ಟು ಹಾಕಲು ತೂತಿರುವ ಪಟ್ಟಿ ಹೊರಗೆ ಚಾಚಿಕೊಂಡಿದ್ದರೆ ಅದಕ್ಕೆ ಕಿವಿ. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ಗಸೆಟ್‌ಗೆ ಸಪೋರ್ಟ್ ಅಂತೀವಿ. ಮೂಲೆಪಟ್ಟಿ ಅಂದರೂ ತಿಳಿಯುತ್ತೆ. ಮೂಲೆಮಟ್ಟ ಹಿಡಿದ ಕೈಗೆ ಮೂಲೆಪಟ್ಟಿ ಏನು ಕಷ್ಟ.

ಪದ ಬಿಡಿ, ಕೆಲಸದ್ದು ಒಂದು ಮಾತು. ಬರೀ ದಪ್ಪ ಪ್ಲೇಟ್ ಹಾಕಿದರೆ ಗಟ್ಟಿ ಆಗಲ್ಲ. 1.6ರ ಪೈಪಿನ ಮಧ್ಯಕ್ಕೆ ದಪ್ಪ ಪ್ಲೇಟ್ ಬೆಸೆದರೆ ಮುಂದಿನ ಸಲ ಪ್ಲೇಟ್ ಬಿರಿಯಲ್ಲ, ಪೈಪೇ ಹರಿಯುತ್ತೆ. ಭಾರ ಎರಡು ಮೂರು ಪೈಪು ಕೂಡುವ ಗಂಟಿಗೆ ಹೋಗಬೇಕು. ಬಿರುಕು ಎಲ್ಲಿವರೆಗೆ ಹೋಗಿದೆ ಅಂತ ಮೊದಲು ಕೆಂಪು ಡೈ ಹಾಕಿ ನೋಡಿ. ಒರೆಸಿ, ಬಿಳಿ ಪುಡಿ ಹೊಡೆದರೆ ಕೂದಲೆಳೆಯಷ್ಟು ಬಿರುಕೂ ಕೆಂಪಗೆ ಎದ್ದು ಬರುತ್ತೆ. ಅದುರು ತಡೆಯುವ ರಬ್ಬರ್ ಬುಷ್ ತೆಗೆದು ನೇರ ಕಬ್ಬಿಣಕ್ಕೆ ಕಬ್ಬಿಣ ಕೂರಿಸುವ ಆಸೆ ಇದ್ದರೆ ಬಿಡಿ. ಕ್ರೌನಿನ ಕೂಗು ಸೀಟಿನವರೆಗೆ ಬರುತ್ತೆ.

ಸರಸ್ವತಿಪುರಂ:

‘ಕಿವಿ’ ಚೆನ್ನಾಗಿದೆ. ನನ್ನ ಬೋದಿಗೆಯನ್ನು ವಾಪಸ್ ತೆಗೆದುಕೊಂಡೆ. ಡಿಫರೆನ್ಷಿಯಲ್ಲಿಗೆ ‘ಹೆಚ್ಚುಕಮ್ಮಿ ಗೇರು’ ಅನ್ನಬಹುದೇ? ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತುತ್ತದೆ, ಒಳಗಿನದು ಕಮ್ಮಿ. ಅದಕ್ಕೆ ಅನುವು ಮಾಡಿಕೊಡುವುದೇ ಇದರ ಕೆಲಸ ಅಲ್ವಾ?

ಕುವೆಂಪುನಗರ:

ಅರ್ಥ ಸರಿ. ಆದರೆ ‘ಹೆಚ್ಚುಕಮ್ಮಿ’ ಅಂತ ಬೋರ್ಡು ಹಾಕಿದ ಕಾರಿನಲ್ಲಿ ನಾನು ಕೂರುವುದಿಲ್ಲ.

ಮದ್ದೂರು:

ಇಷ್ಟು ಹೊತ್ತಿನಲ್ಲಿ ಒಂದೇ ಒಂದು ಕನ್ನಡದ ಆಲೋಚನೆ ಬಂತು, ಅದಕ್ಕೂ ಕುಹಕ. ಇನ್ನೊಂದು ವಿಷಯ. ಶೆಡ್ಡಿನವರು ಒಮ್ಮೆ ‘ಮೌಂಟು’ ಅಂತಾರೆ, ವಿಷಯದ ಸಾಲಿನಲ್ಲಿ ‘ಮೌಂಟ್’ ಅಂತಾರೆ. ಸಾಲ ತರುವುದಾದರೆ ಕಡೇಪಕ್ಷ ಉಕಾರ ಹಚ್ಚಿ ತನ್ನಿ. ಬಸ್ಸು, ಕಾರು, ಬೋಲ್ಟು, ಮೌಂಟು. ‘ಮೌಂಟ್‌ಗಳನ್ನು’ ಅಂತ ಅರ್ಧಾಕ್ಷರದ ಬೆನ್ನಿಗೆ ಪ್ರತ್ಯಯ ಅಂಟಿಸುವುದು ನಿಮ್ಮ ಈಗಿನ ಬೆಸುಗೆಯ ಹಾಗೆಯೇ. ಬಿರುಕು ಬಿಡುತ್ತದೆ.

ಕುವೆಂಪುನಗರ:

ಅಪರೂಪಕ್ಕೆ ಒಪ್ಪಿದೆ.

ಹೆಬ್ಬಾಳ ಶೆಡ್ಡು, ಮೈಸೂರು:

ಎಲ್ಲರಿಗೂ ಥ್ಯಾಂಕ್ಸ್. ನಾನು ಮಾಡಿದ್ದು ಇಷ್ಟು. ಸಾಮಾನಿನ ಹೆಸರು ಅಂಗಡಿಯಲ್ಲಿ ಕೇಳಿದರೆ ಸಿಗುವ ಹೆಸರೇ ಇರಲಿ. ಮಾಡುವ ಕೆಲಸದ ಮಾತೆಲ್ಲ ಕನ್ನಡದ್ದೇ ಇರಲಿ. ಹಾಳೆ ಹೀಗಿದೆ, ನಾಳೆ ಪ್ರಿಂಟಿಗೆ ಹೋಗುತ್ತದೆ:

“ಡಿಫರೆನ್ಷಿಯಲ್ ಮೌಂಟು ಗಟ್ಟಿ ಮಾಡುವುದು. ಬಿರುಕಿನ ಮೇಲೆಯೇ ಮತ್ತೆ ಬೆಸೆಯಬೇಡಿ. ಹಳೆಯ ಬೆಸುಗೆಯನ್ನು ಪೂರ್ತಿ ಉಜ್ಜಿ ತೆಗೆಯಿರಿ. ಎರಡು ಕಿವಿಗಳ ಬೆನ್ನಿಗೆ 3 ಮಿ.ಮೀ. ತಗಡು ಬೆಸೆದು ಪೆಟ್ಟಿಗೆಯಂತೆ ಮುಚ್ಚಿ. ಮೂಲೆಪಟ್ಟಿಯ ತುದಿ ಪೈಪಿನ ನಡುವೆ ನಿಲ್ಲಬಾರದು, ಪೈಪುಗಳು ಕೂಡುವ ಗಂಟನ್ನು ಮುಟ್ಟಬೇಕು. ಬೋಲ್ಟು ಹಾಯುವ ಪೈಪಿಗೆ ಅಡ್ಡಲಾಗಿ ಗಟ್ಟಿ ಕೊಳವೆ ತೂರಿಸಿ ಎರಡೂ ಬದಿ ಬೆಸೆಯಿರಿ. ಇಲ್ಲದಿದ್ದರೆ ಬಿಗಿ ಮಾಡುವಾಗ ಪೈಪು ಚಪ್ಪಟೆಯಾಗುತ್ತದೆ, ಆಮೇಲೆ ಬೋಲ್ಟು ಸಡಿಲವಾಗುತ್ತದೆ.”

ಬನ್ನಿಮಂಟಪ:

ಪ್ರಿಂಟ್ ನಿಲ್ಲಿಸಿ. ‘ತಗಡು’ ತಪ್ಪು. ತಗಡು ಅಂದರೆ ತೆಳ್ಳಗಿನದು, ಕೈಯಲ್ಲಿ ಬಗ್ಗುವಂಥದ್ದು. ಹುಡುಗರು ಡಬ್ಬದ ತಗಡು ಕತ್ತರಿಸಿ ಹಾಕಿಬಿಟ್ಟಾರು. 3 ಮಿ.ಮೀ. ಅಂದರೆ ಪ್ಲೇಟ್.

ಮದ್ದೂರು:

ಪ್ಲೇಟು. ಅದಕ್ಕಿಂತ ‘ಹಲಗೆ’ ಅನ್ನಿ. ಒಳ್ಳೆಯ ಪದ ಕೈಯಲ್ಲೇ ಇದೆ.

ಬನ್ನಿಮಂಟಪ:

ಹಲಗೆ ಬೆಸೆದರೆ ಹತ್ತಿಕೊಂಡು ಉರಿಯುತ್ತೆ ಸಾರ್.