ಹೊಗೆಯೇ ಬಿಡದ ಕಾರು ಹೊಗೆ ತಪಾಸಣೆಯಲ್ಲಿ ನಪಾಸು: ಪದ ಬೇಕಿತ್ತು

ಹೊಗೆ ಅನ್ನುವ ಒಂದು ಪದದಿಂದ ಪೆಟ್ರೋಲ್ ಬಂಕಿನಲ್ಲಿ ಜಗಳವಾಯಿತು, ಅದಕ್ಕೇ ಎಮಿಷನ್‌ಗೆ, ಅಂದರೆ ಗಾಡಿ ಹೊರಗೆ ಬಿಡುವುದಕ್ಕೆ, ಒಂದು ಕನ್ನಡ ಪದ ಕೇಳುತ್ತಿದ್ದೇನೆ.

ಅಪ್ಪನ ಕಾರು 2006ರದ್ದು, ಪೆಟ್ರೋಲು. ಹೋದ ವಾರ ಬನಶಂಕರಿ ಕಡೆ, ಬಂಕ್ ಪಕ್ಕ ನಿಂತಿರುತ್ತದಲ್ಲ ಎಮಿಷನ್ ವ್ಯಾನು, ಅಲ್ಲಿಗೆ ಹೋಗಿದ್ದೆವು. ಹುಡುಗ ಸೈಲೆನ್ಸರ್ ಒಳಗೆ ಕೊಳವೆ ತೂರಿಸಿದ, ಕಂಪ್ಯೂಟರ್ ನೋಡಿದ, "ಫೇಲ್ ಸರ್" ಅಂದ. ಅಪ್ಪ ಒಪ್ಪಲೇ ಇಲ್ಲ. ಸೈಲೆನ್ಸರ್ ಬಾಯಿಗೆ ತಮ್ಮ ಬಿಳಿ ಕರ್ಚೀಫು ಹಿಡಿದು ತೋರಿಸಿದರು. "ಎಲ್ಲಪ್ಪಾ ಹೊಗೆ? ಬೋರ್ಡಲ್ಲಿ ಹೊಗೆ ತಪಾಸಣೆ ಅಂತ ಬರೆದಿದ್ದೀಯ. ಹೊಗೆನೇ ಇಲ್ಲ, ಫೇಲ್ ಹೆಂಗೆ?" ಸರಿಯಾಗಿ ಅದೇ ಹೊತ್ತಿಗೆ ಒಂದು ಡೀಸೆಲ್ ಟೆಂಪೋ ಕರ್ರಗೆ ಹೊಗೆ ಬಿಡುತ್ತಾ ಪಕ್ಕದಲ್ಲೇ ಹೋಯಿತು. ಇನ್ನು ಕೇಳಬೇಕೆ.

ಅಪ್ಪನ ಮಾತಿನಲ್ಲಿ ಕಾರಿನ ವಿಷಯ ತಪ್ಪು, ಕನ್ನಡದ ವಿಷಯ ಸರಿ ಅಂತ ನನಗೆ ಆಮೇಲೆ ಹೊಳೆಯಿತು. ಡೀಸೆಲ್ ಗಾಡಿಗೆ ಮಾಡುವುದು ನಿಜವಾಗಿಯೂ ಹೊಗೆಯ ತಪಾಸಣೆಯೇ. ಜೋರಾಗಿ ರೇಸ್ ಮಾಡಿಸಿ, ಬರುವ ಹೊಗೆ ಎಷ್ಟು ದಟ್ಟ, ಅದು ಬೆಳಕನ್ನು ಎಷ್ಟು ತಡೆಯುತ್ತದೆ ಅಂತ ಅಳೆಯುತ್ತಾರೆ. ಪೆಟ್ರೋಲ್ ಗಾಡಿಯಲ್ಲಿ ಆ ಲೆಕ್ಕವೇ ಇಲ್ಲ. ಅಲ್ಲಿ ನೋಡುವುದು ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಅಂತ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಕರ್ಚೀಫಲ್ಲಿ ಹಿಡಿಯೋಕಾಗುತ್ತಾ?

ಹೊಗೆ ಅಂದರೆ ನಮಗೆ ಕಣ್ಣಿಗೆ ಬೀಳಲೇಬೇಕು. ಹಳಗನ್ನಡದ ಪೊಗೆ ಕಾಲದಿಂದಲೂ ಅಷ್ಟೇ ಅಲ್ವಾ? ಪೇಪರಿನವರು "ಪಕ್ಷದಲ್ಲಿ ಅಸಮಾಧಾನ ಹೊಗೆಯಾಡುತ್ತಿದೆ" ಅಂತ ಬರೆಯುವುದೂ ಅದಕ್ಕೇ, ಬೆಂಕಿ ಇನ್ನೂ ಕಾಣುತ್ತಿಲ್ಲ, ಹೊಗೆ ಕಾಣುತ್ತಿದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬೆಳ್ಳಗೆ ಬರುವುದು ಹಬೆ, ಅದನ್ನು ಹೊಗೆ ಅಂದರೆ ಅಮ್ಮನೇ ತಿದ್ದುತ್ತಾರೆ. (ಬೆಂಗಳೂರಿನ ಹುಡುಗರ "ಹೊಗೆ ಹಾಕಿಸ್ಕೊಂಡ" ಬೇರೆಯೇ ಕಥೆ. ಅವತ್ತು ಫೇಲ್ ಆದ ಕಾರಿಗೆ ಅದು ಮಾತ್ರ ಸರಿಯಾಗಿ ಹೊಂದುತ್ತಿತ್ತು.)

ಹಾಗಾದರೆ ಎಮಿಷನ್‌ಗೆ ಏನನ್ನಬೇಕು? ಪತ್ರಿಕೆಗಳಲ್ಲಿ ಹೊರಸೂಸುವಿಕೆ ಅಂತ ನೋಡುತ್ತೇವೆ. ನನಗೆ ಅದು ಒಗ್ಗುವುದಿಲ್ಲ. ಸೂಸುವುದು ಅಂದ ತಕ್ಷಣ ಮಲ್ಲಿಗೆಯ ಕಂಪು, ನಗು, ಬೆಳದಿಂಗಳು ನೆನಪಾಗುತ್ತವೆ, ಸಿಲ್ಕ್ ಬೋರ್ಡ್ ಸಿಗ್ನಲ್ ಅಲ್ಲ. ಉತ್ಸರ್ಜನೆ ಇನ್ನೂ ದೂರ. ನಮ್ಮಲ್ಲೇ ಒಂದು ಖಡಕ್ ಕ್ರಿಯಾಪದ ಇದೆ: ಕಾರು. ವಿಷ ಕಾರು, ಕಿಡಿ ಕಾರು, ರಕ್ತ ಕಾರು. ಒಳಗೆ ಇಟ್ಟುಕೊಳ್ಳಲಾಗದ್ದನ್ನು ಹೊರಗೆ ಹಾಕುವುದು. ಕಾರು ಕಾರುತ್ತದೆ ಅಂದರೆ ತಮಾಷೆ ಅನಿಸಬಹುದು, ಆದರೆ ಅರ್ಥ ಇಷ್ಟು ನೇರವಾಗಿ ಕೂರುವ ಪದ ನನಗಂತೂ ಬೇರೆ ಸಿಕ್ಕಿಲ್ಲ. ನಾಮಪದ ಮಾಡಿದರೆ ಕಾರಿಕೆ ಆಗುತ್ತದೆ. ಅದರ ಬಗ್ಗೆ ಕೊನೆಯಲ್ಲಿ ಕೇಳುತ್ತೇನೆ.

ಈಗ ಎಮಿಷನ್ ವ್ಯಾನಿನವರು ಕೊಟ್ಟ ತಪಾಸಣೆಯ ಚೀಟಿಗೆ ಬರುತ್ತೇನೆ, ನನಗೆ ಜಾಸ್ತಿ ತಲೆ ಕೆಡಿಸಿದ್ದು ಅದೇ. ನಮ್ಮ ಕಾರು ಭಾರತ್ ಸ್ಟೇಜ್ 3, ಅಂದರೆ ಸರ್ಕಾರದ ಎಮಿಷನ್ ನಿಯಮಗಳ ಮೂರನೇ ಹಂತದ್ದು. ಆ ಕಾಲದ ಪೆಟ್ರೋಲ್ ಕಾರಿಗೆ ಮಾನಾಕ್ಸೈಡ್ ಶೇ. 0.5 ದಾಟಬಾರದು, ಹೈಡ್ರೋಕಾರ್ಬನ್ 750 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 750 ಪಾಲು) ದಾಟಬಾರದು. ನಮ್ಮದು 2.1 ಮತ್ತು 310. ಒಂದು ಪಾಸು, ಒಂದು ನಪಾಸು. ಗ್ಯಾರೇಜಿನ ಮೇಸ್ತ್ರಿ ಚೀಟಿ ನೋಡಿದ ಕೂಡಲೇ "ಗಾಡಿ ರಿಚ್ ಹೊಡೀತಾ ಇದೆ" ಅಂದರು. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಇಪ್ಪತ್ತು ವರ್ಷದ ಡಬ್ಬಾ ರಿಚ್ಚಾ?"

ಅಮ್ಮನಿಗೆ ಬಿಡಿಸಿ ಹೇಳಲು ಹೋದಾಗಲೇ ಗೊತ್ತಾಗಿದ್ದು, ಇದಕ್ಕೆ ಬೇಕಾದ ಮಾತೆಲ್ಲ ಅಡುಗೆಮನೆಯಲ್ಲೇ ಇದೆ ಅಂತ. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಅದು ಹದ. ಪಾಕಕ್ಕೆ ಹದ ಇದ್ದ ಹಾಗೆ, ಮಣ್ಣಿಗೆ ಹದ ಇದ್ದ ಹಾಗೆ. ಪೆಟ್ರೋಲ್ ಹೆಚ್ಚಾಗಿ ಗಾಳಿ ಸಾಲದೆ ಹೋದರೆ (ಮೇಸ್ತ್ರಿ ಹೇಳಿದ ರಿಚ್ ಇದೇ, ಇದರ ಉಲ್ಟಾ ಲೀನ್) ಪೆಟ್ರೋಲಿನ ಇಂಗಾಲ ಅರ್ಧ ಮಾತ್ರ ಉರಿಯುತ್ತದೆ. ಅರೆಬೆಂದ ಅನ್ನ ಇದ್ದ ಹಾಗೆ, ಅದೇ ಮಾನಾಕ್ಸೈಡ್. ಪ್ಲಗ್ಗು ಕಿಡಿ ಕೊಡದೆ ಪೆಟ್ರೋಲ್ ಉರಿಯದೇ ಹಾಗೇ ಆಚೆ ಬಂದರೆ ಅದು ಹಸಿ, ಹೈಡ್ರೋಕಾರ್ಬನ್. ಸಾರಿನ ಪುಡಿಗೆ "ಹಸಿ ವಾಸನೆ ಹೋಗೋವರೆಗೆ ಹುರಿ" ಅಂತಾರಲ್ಲ, ಆ ಹಸಿ. ಅಂದರೆ ಚೀಟಿ ಹೇಳುತ್ತಿದ್ದುದು ಇಷ್ಟೇ: ಹಸಿ ಹೆಚ್ಚಿಲ್ಲ, ಅರೆಬೆಂದದ್ದು ಹೆಚ್ಚು. ಕಿಡಿ ಸರಿ ಇದೆ, ಹದ ತಪ್ಪಿದೆ. ಅಮ್ಮ ತಕ್ಷಣ "ಹಾಗಾದ್ರೆ ಗಾಳಿ ಕಟ್ಟಿರಬೇಕು ನೋಡು" ಅಂದರು.

ಅರ್ಧ ಸರಿ. ಏರ್ ಫಿಲ್ಟರ್ ಧೂಳು ಹಿಡಿದು ಕಂಬಳಿ ಥರ ಆಗಿತ್ತು, ಪ್ಲಗ್ಗಿಗೆ ಒಣ ಮಸಿ ಕಟ್ಟಿತ್ತು. ಎರಡನ್ನೂ ಬದಲಾಯಿಸಿದರೂ ಮಾನಾಕ್ಸೈಡ್ 1.7ರಲ್ಲೇ ನಿಂತಿತು. ಕಡೆಗೆ ಸಿಕ್ಕಿದ್ದು ಆಕ್ಸಿಜನ್ ಸೆನ್ಸರ್. ಸೈಲೆನ್ಸರ್ ದಾರಿಯಲ್ಲಿ ಕೂತು ಉರಿದ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ನೋಡಿ ಕಾರಿನೊಳಗಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಅದು ಸತ್ತರೆ ಕಂಪ್ಯೂಟರ್ ಕುರುಡು, ಪೆಟ್ರೋಲ್ ಜಾಸ್ತಿಯೇ ಸುರಿಯುತ್ತದೆ. ಜೆ.ಸಿ. ರಸ್ತೆಯಲ್ಲಿ ಸೆನ್ಸರ್ ತಂದು ಹಾಕಿಸಿದ ಮೇಲೆ 0.3. ಟೆಸ್ಟಿಗೆ ಮುಂಚೆ ಇಪ್ಪತ್ತು ನಿಮಿಷ ಓಡಿಸಿಕೊಂಡು ಬನ್ನಿ ಅಂದಿದ್ದರು ಮೇಸ್ತ್ರಿ, ಸೈಲೆನ್ಸರ್ ದಾರಿಯಲ್ಲಿ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾದರೇನೇ ಕೆಲಸ ಮಾಡುವುದಂತೆ. ಕನ್ನಡದಲ್ಲಿ ಅದನ್ನು ವೇಗವರ್ಧಕ ಪರಿವರ್ತಕ ಅಂತ ಬರೆದಿದ್ದು ಓದಿದ ಮಗಳು, "ಅದಿದ್ರೆ ಕಾರು ಸ್ಪೀಡಾಗಿ ಹೋಗುತ್ತಾ?" ಅಂದಳು. ಏನು ಹೇಳಲಿ.

ಈಗ ಕೇಳಬೇಕಾದದ್ದು. ರಿಚ್, ಲೀನ್ ಅನ್ನುವುದಕ್ಕೆ ನಿಮ್ಮೂರಿನ ಗ್ಯಾರೇಜಿನಲ್ಲಿ ಬೇರೆ ಮಾತು ಇದೆಯೇ? ಶ್ರೀಮಂತ ಮಿಶ್ರಣ ಅಂತ ದಯವಿಟ್ಟು ಹೇಳಬೇಡಿ. ಮಜ್ಜಿಗೆಗೆ ಹೇಳುವಂತೆ ಗಟ್ಟಿ, ನೀರು ಅನ್ನಬಹುದಾ ಅಂತ ನನ್ನ ಯೋಚನೆ, ಆದರೆ ಪೆಟ್ರೋಲಿನ ಪಕ್ಕ ನೀರು ಅಂದರೆ ಕಲಬೆರಕೆ ಅಂದುಕೊಂಡಾರು. ಎಂಜಿನ್ ಮಿಸ್ಸಿಂಗ್ ಆಗುವುದಕ್ಕೆ, ಅಂದರೆ ನಡುನಡುವೆ ಉರಿ ತಪ್ಪುವುದಕ್ಕೆ, ಬಿಕ್ಕುತ್ತಿದೆ ಅನ್ನುವುದನ್ನು ಯಾರಾದರೂ ಕೇಳಿದ್ದೀರಾ?

ಇನ್ನು ಕಾರಿಕೆ. ವಾಂತಿ ಅನ್ನುವ ಅರ್ಥದಲ್ಲಿ ಈ ಪದ ನಿಮ್ಮ ಕಡೆ ಮನೆಮಾತಿನಲ್ಲಿ ಇದೆಯೇ? ಇದ್ದರೆ "ಕಾರಿಕೆ ತಪಾಸಣೆ" ಅಂತ ಬೋರ್ಡ್ ಹಾಕಿದ ವ್ಯಾನಿನ ಮುಂದೆ ಜನ ಕಾರು ತಂದು ನಿಲ್ಲಿಸುತ್ತಾರಾ, ಇಲ್ಲ ಮಕ್ಕಳನ್ನು ಎತ್ತಿಕೊಂಡು ಬರುತ್ತಾರಾ?