ಪದಚರ್ಚೆ: ಕುದುರೆಯ ಮೈಮೇಲೆ ಎದ್ದದ್ದು ಗಂಧೆಯೋ, ಗಂಟೋ, ಗಡ್ಡೆಯೋ?

ಗೆಳೆಯರೇ,

ಕುದುರೆ ಸಾಕುವವರಿಗಾಗಿ ಚರ್ಮದ ತೊಂದರೆಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಜಾಸ್ತಿ ಕಾಡುತ್ತಿವೆ. ಮೈಮೇಲೆ ಏನೋ ಉಬ್ಬಿಕೊಂಡಿದೆ, ಯಾಕೆಂದು ತಿಳಿಯದು. ಇಂಗ್ಲಿಷಿನವರು ಇಂಥದ್ದಕ್ಕೆಲ್ಲ 'ಲಂಪ್' ಅಂದು ಮುಂದೆ ಹೋಗುತ್ತಾರೆ. ನಮ್ಮಲ್ಲಿ ಊತ, ಬಾವು, ಗಂಟು, ಗಡ್ಡೆ, ದದ್ದು, ಗಂಧೆ, ಕುರು, ಬೊಕ್ಕೆ, ಗುಳ್ಳೆ, ನರೂಲಿ, ಬಾಸುಂಡೆ ಎಲ್ಲವೂ ಇವೆ. ನಿಘಂಟು ತೆಗೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಬರೆದು ಕೈತೊಳೆದುಕೊಳ್ಳುತ್ತದೆ. ಮಾತಿನಲ್ಲಿ ಮಾತ್ರ ನಾವು ಇವನ್ನು ಅಷ್ಟು ಸುಲಭವಾಗಿ ಬೆರೆಸುವುದಿಲ್ಲ, ಅಲ್ವಾ?

ನಾನು ಹಿಡಿದಿರುವ ದಾರಿ ಹೀಗಿದೆ. ನಾಮಪದವನ್ನು ಬಿಟ್ಟು ಅದರ ಜೊತೆ ಬರುವ ಕ್ರಿಯಾಪದವನ್ನು ನೋಡುವುದು. ಊತ ಇಳಿಯುತ್ತದೆ. ಗಂಟು ಇಳಿಯುವುದಿಲ್ಲ, ಕರಗುತ್ತದೆ. ಗಂಧೆ ಏಳುತ್ತದೆ, ಆಮೇಲೆ ಅಡಗುತ್ತದೆ. ಗಡ್ಡೆ ಬೆಳೆಯುತ್ತದೆ. ಕುರು ಮಾಗಿ ಒಡೆಯುತ್ತದೆ. ನರೂಲಿ ಉದುರುತ್ತದೆ. 'ಗಂಧೆ ಬೆಳೆಯಿತು' ಎಂದು ಯಾರೂ ಅನ್ನುವುದಿಲ್ಲ. 'ಗಡ್ಡೆ ಅಡಗಿತು' ಅಂದರೆ ಕಿವಿಗೆ ಒಗ್ಗುವುದಿಲ್ಲ. ಕಾಯಿಲೆ ಎಷ್ಟು ಬೇಗ ಬರುತ್ತದೆ, ಹೇಗೆ ಹೋಗುತ್ತದೆ ಎನ್ನುವುದು ಕ್ರಿಯಾಪದದಲ್ಲೇ ಇದೆ. ಪಶುವೈದ್ಯರು ಮೊದಲು ಕೇಳುವುದೂ ಅದನ್ನೇ: ಯಾವಾಗ ಬಂತು, ದೊಡ್ಡದಾಗುತ್ತಿದೆಯೋ, ತಾನಾಗಿಯೇ ಕಡಿಮೆಯಾಗುತ್ತಿದೆಯೋ?

ಮೊದಲಿಗೆ ವೈದ್ಯರು 'ಅರ್ಟಿಕೇರಿಯಾ' ಎನ್ನುವುದನ್ನು ತೆಗೆದುಕೊಳ್ಳೋಣ. ಕುದುರೆಯಲ್ಲಿ ಇದು ಸಾಮಾನ್ಯ. ಬೆಳಿಗ್ಗೆ ಮೈ ನುಣ್ಣಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕತ್ತು, ಹೆಗಲು, ಪಕ್ಕೆಗಳ ಮೇಲೆಲ್ಲ ಚಪ್ಪಟೆ ಉಬ್ಬುಗಳು. ಅವುಗಳ ಮೇಲಿನ ಕೂದಲು ಸೆಟೆದು ನಿಂತಿರುತ್ತದೆ. ಹೆಚ್ಚಿನ ಸಲ ಒಂದೆರಡು ದಿನದಲ್ಲಿ ಗುರುತೂ ಉಳಿಯದೆ ಹೋಗುತ್ತವೆ. ಹುಳ ಕಚ್ಚಿದ್ದು, ಮೇವು ಬದಲಾಗಿದ್ದು, ಪೆನಿಸಿಲಿನ್‌ನಂಥ ಔಷಧ, ಲಸಿಕೆ, ಹೂವಿನ ಪರಾಗ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಇದಕ್ಕೆ 'ದದ್ದು' ಎಂದು ಬರೆದವರೇ ಜಾಸ್ತಿ. ನನಗೆ ಅದು ಹಿಡಿಸುತ್ತಿಲ್ಲ. ದಡಾರಕ್ಕೂ ದದ್ದು, ಹುಳುಕಡ್ಡಿಗೂ ದದ್ದು ಅನ್ನುತ್ತೇವೆ. ಅದಕ್ಕೆ ಅವಸರವೂ ಇಲ್ಲ, ಹೋಗುವ ಅವಧಿಯೂ ಇಲ್ಲ. 'ಗಂಧೆ' ಸರಿಯಾದ ಪದ. ಮನುಷ್ಯರಿಗೆ 'ಪಿತ್ತದ ಗಂಧೆ' ಎಂದು ಹೇಳುವುದು ಇದನ್ನೇ. ಕೈಪಿಡಿಯಲ್ಲಿ ಪಿತ್ತವನ್ನು ಬಿಟ್ಟು ಗಂಧೆಯನ್ನಷ್ಟೇ ಉಳಿಸಿಕೊಂಡಿದ್ದೇನೆ. ಗಂಧೆ ಅಂದಕೂಡಲೇ ಓದುಗರಿಗೆ 'ಬಂದು ಹೋಗುವಂಥದ್ದು' ಎಂದು ಹೊಳೆಯುತ್ತದೆ. ಆದರೆ ಕಣ್ಣಿನ ರೆಪ್ಪೆ, ತುಟಿ, ಮೂತಿ ಊದಿಕೊಂಡು ಉಸಿರಾಟ ಕಷ್ಟವಾದರೆ ಅದು ಕಾಯುವ ಮಾತಲ್ಲ, ತಕ್ಷಣ ವೈದ್ಯರು ಬೇಕು. ಇದನ್ನು ಬೇರೆ ಸಾಲಿನಲ್ಲಿ ದಪ್ಪಕ್ಷರದಲ್ಲೇ ಹಾಕಿದ್ದೇನೆ.

ಇಲ್ಲೇ ಇನ್ನೊಂದು ತೊಡಕು ಇದೆ. ಗಂಧೆಯ ಒಂದೊಂದು ಉಬ್ಬಿಗೆ ಇಂಗ್ಲಿಷಿನಲ್ಲಿ 'ವೀಲ್' ಎನ್ನುತ್ತಾರೆ. ನಿಘಂಟು ಇದಕ್ಕೆ 'ಬಾಸುಂಡೆ' ಎಂದು ಕೊಡುತ್ತದೆ. ಏಟಿನ ಗುರುತಿಗೆ ಅದು ಸರಿ. ಆದರೆ 'ಕುದುರೆಯ ಪಕ್ಕೆಯ ಮೇಲೆ ಬಾಸುಂಡೆಗಳು ಎದ್ದಿವೆ' ಎಂದು ಬರೆದು ನೋಡಿ. ಓದಿದವರು ಮೊದಲು ಚಾವಟಿ ಬೀಸಿದ್ದು ಯಾರು ಎಂದು ಕೇಳುತ್ತಾರೆ! ಗಂಧೆ ಕೆಲವೊಮ್ಮೆ ಉದ್ದ ಗೆರೆಯಾಗಿಯೂ ಏಳುವುದರಿಂದ ಗೊಂದಲ ಇನ್ನೂ ಹೆಚ್ಚು. ನಾನು ಸುಮ್ನೆ 'ಉಬ್ಬು' ಎಂದು ಬರೆದಿದ್ದೇನೆ.

ಊತ ಮತ್ತು ಬಾವು, ಇದು ನನ್ನ ದೊಡ್ಡ ಪ್ರಶ್ನೆ. ಒಂದು ಊದುವುದರಿಂದ ಬಂದದ್ದು, ಇನ್ನೊಂದು ಬಾತುಕೊಳ್ಳುವುದರಿಂದ. ಮೂಲದಲ್ಲಿ ಎರಡರ ಅರ್ಥವೂ ಒಂದೇ. ಬಳಕೆಯಲ್ಲಿ ಮಾತ್ರ ಬಾವಿನೊಳಗೆ ಬಿಸಿ, ನೋವು, ಕೀವು ಸೇರಿಕೊಂಡಂತೆ ಕಾಣುತ್ತದೆ. ಹಸುವಿನ 'ಕೆಚ್ಚಲು ಬಾವು' ಎಂಬ ಹೆಸರಿನಲ್ಲಿ ಈ ಮೂರೂ ಇವೆ. 'ಕೆಚ್ಚಲು ಊತ' ಅಂದಿದ್ದರೆ ಕರು ಹಾಕುವ ಮುಂಚೆ ಕೆಚ್ಚಲು ತುಂಬಿಕೊಳ್ಳುವುದು ಎಂದು ತಿಳಿದುಕೊಳ್ಳುತ್ತಿದ್ದೆವೇನೋ. ಈ ವ್ಯತ್ಯಾಸ ಕುದುರೆಗೆ ಬಹಳ ಉಪಯೋಗಕ್ಕೆ ಬರುತ್ತದೆ. ಲಾಯದಲ್ಲಿ ಓಡಾಟವಿಲ್ಲದೆ ರಾತ್ರಿಯೆಲ್ಲ ನಿಂತ ಕುದುರೆಯ ಕಾಲುಗಳು, ಅದರಲ್ಲೂ ಹಿಂಗಾಲುಗಳು, ನೀರು ತುಂಬಿ ದಪ್ಪಗಾಗುತ್ತವೆ. ಬಿಸಿ ಇರುವುದಿಲ್ಲ, ನೋವಿಲ್ಲ. ಸ್ವಲ್ಪ ನಡೆಸಿದರೆ ಇಳಿಯುತ್ತದೆ. ಇದು ಊತ. ಒಂದೇ ಕಾಲು ದಪ್ಪಗಾಗಿ, ಮುಟ್ಟಿದರೆ ಸುಡುತ್ತಾ, ಕುದುರೆ ಕಾಲು ಊರಲು ಒಪ್ಪದೆ, ಜ್ವರವೂ ಬಂದಿದ್ದರೆ ಅದು ಬಾವು. ಚರ್ಮದ ಕೆಳಗೆ ಸೋಂಕು ಹರಡುತ್ತಿದೆ ಎಂದೇ ಅರ್ಥ. ವೈದ್ಯರ ಬರವಣಿಗೆಯಲ್ಲಿ ಬರುವ 'ಉರಿಯೂತ' ಇದಕ್ಕೆ ಹತ್ತಿರ, ಆದರೆ ಲಾಯದಲ್ಲಿ ನಿಂತು ಯಾರೂ ಉರಿಯೂತ ಎನ್ನುವುದಿಲ್ಲ.

ಹಿರಿಯರೊಬ್ಬರು ಹೇಳಿದ್ದರು, 'ಬೆರಳಲ್ಲಿ ಒತ್ತಿ ನೋಡಿ, ಗುಳಿ ಬಿದ್ದರೆ ಊತ'. ಮಾತು ಅರ್ಧ ನಿಜ. ಹೊಟ್ಟೆಯ ಕೆಳಭಾಗದಲ್ಲಿ ನೀರು ಇಳಿದಾಗ ಒತ್ತಿದ ಗುಳಿ ಕೆಲಹೊತ್ತು ಹಾಗೇ ಉಳಿಯುತ್ತದೆ. ದಿನ ತುಂಬುತ್ತಿರುವ ಹೆಣ್ಣು ಕುದುರೆಯಲ್ಲೂ ಇದು ಕಾಣುತ್ತದೆ. ಆದರೆ ಗಂಧೆಯ ಉಬ್ಬುಗಳನ್ನು ಒತ್ತಿದರೂ ಗುಳಿ ಬೀಳುತ್ತದೆ. ಅಲ್ಲೂ ತುಂಬಿರುವುದು ನೀರೇ ತಾನೆ. ಗುಳಿ ಬೀಳದಿರುವುದು ಗಂಟು ಮತ್ತು ಗಡ್ಡೆ.

ಗಂಟಿನ ವಿಷಯಕ್ಕೆ ಬಂದರೆ, ಜೀನು ಕೂರುವ ಜಾಗದಲ್ಲಿ, ಬೆನ್ನ ಮೇಲೆ, ಹೆಗಲ ಎತ್ತರದಲ್ಲಿ ಗಟ್ಟಿಯಾದ ಸಣ್ಣ ಗಂಟುಗಳು ಕಟ್ಟುತ್ತವೆ. ಅರ್ಧ ಸೆಂಟಿಮೀಟರಿನಿಂದ ಕೆಲವು ಸೆಂಟಿಮೀಟರ್ ತನಕ ಇರಬಹುದು. ಮೇಲಿನ ಕೂದಲು ಉದುರಿರುವುದಿಲ್ಲ, ಕೆರೆತವಿಲ್ಲ, ಸಾಮಾನ್ಯವಾಗಿ ನೋವೂ ಇಲ್ಲ. ಹುಳ ಕಚ್ಚಿದ್ದಕ್ಕೆ ಮೈ ಅತಿಯಾಗಿ ಸ್ಪಂದಿಸುವುದು ಇದರ ಹಿಂದೆ ಇರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇವಕ್ಕೆ 'ಚರ್ಮದ ಗಂಟು' ಎಂದು ಬರೆಯೋಣವೆಂದರೆ ಅಲ್ಲೊಂದು ಗುಂಡಿ ಇದೆ. 'ಚರ್ಮಗಂಟು ರೋಗ' ಈಗ ದನಗಳ ಒಂದು ಕಾಯಿಲೆಯ ಹೆಸರಾಗಿ ಗಟ್ಟಿಯಾಗಿ ನಿಂತುಬಿಟ್ಟಿದೆ. ಅದು ಹಸು, ಎಮ್ಮೆಗಳಿಗೆ ಬರುವ ವೈರಸ್ ಕಾಯಿಲೆ. ಕುದುರೆಗೆ ಬರುವುದಿಲ್ಲ. 'ನಿಮ್ಮ ಕುದುರೆಗೆ ಚರ್ಮದ ಗಂಟು' ಎಂದು ಓದಿದವರು ಹಟ್ಟಿಯ ದನಗಳನ್ನೆಲ್ಲ ಬೇರೆ ಕಟ್ಟಲು ಓಡುತ್ತಾರೆ. ಪದ ಸೇರಿಸಿ ಬರೆದರೆ ರೋಗ, ಬಿಡಿಸಿ ಬರೆದರೆ ಲಕ್ಷಣ ಎಂಬ ಸೂಕ್ಷ್ಮ ನಮಗೆ ಗೊತ್ತಿರಬಹುದು, ಆತಂಕದಲ್ಲಿ ಓದುವವರಿಗೆ ಅದು ಕಾಣುವುದಿಲ್ಲ. ಸದ್ಯಕ್ಕೆ 'ಬೆನ್ನಿನ ಗಂಟು' ಎಂದು ಹಾಕಿದ್ದೇನೆ.

ಪದ ತಪ್ಪಿದರೆ ಕುದುರೆಗೇ ಪೆಟ್ಟಾಗುವ ಜಾಗ ಸಾರ್ಕಾಯ್ಡ್. ಕುದುರೆಯ ಚರ್ಮದಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಹಾಗೆಂದು ಒಂದೇ ರೂಪದಲ್ಲಿ ಬರುವುದಿಲ್ಲ. ಕೂದಲು ಉದುರಿದ ಚಪ್ಪಟೆ ಕಲೆಯಾಗಿರಬಹುದು, ಚರ್ಮದಡಿಯ ಉಂಡೆಯಾಗಿರಬಹುದು, ಹಸಿ ಮಾಂಸದಂತೆ ಕೆಂಪಾಗಿ ರಕ್ತ ಒಸರಬಹುದು, ಥೇಟ್ ನರೂಲಿಯ ಹಾಗೆ ಒರಟಾಗಿರಬಹುದು. ಈ ಕೊನೆಯದನ್ನು ಕಂಡು 'ನರೂಲಿ ಜಾತಿಯ ಸಾರ್ಕಾಯ್ಡ್' ಎಂದು ಬರೆಯುವ ಆಸೆ ಸಹಜ. ಮೂಲವೂ ಹತ್ತಿರದ್ದೇ, ಹಸುಗಳಿಗೆ ನರೂಲಿ ತರುವ ವೈರಸ್ಸೇ ಇದರ ಹಿಂದೆ ಇದೆ. ಆದರೆ ನರೂಲಿ ಅಂದರೆ ಜನ ಏನು ಮಾಡುತ್ತಾರೆ? ದಾರ ಬಿಗಿಯುತ್ತಾರೆ, ಸುಡುತ್ತಾರೆ, ಸುಣ್ಣ ಹಚ್ಚುತ್ತಾರೆ. ಸಾರ್ಕಾಯ್ಡನ್ನು ಹೀಗೆ ಕೆದಕಿದರೆ ಕೆರಳಿ ಮೊದಲಿಗಿಂತ ಜೋರಾಗಿ ಬೆಳೆಯುತ್ತದೆ. ಪರೀಕ್ಷೆಗೆಂದು ಚೂರು ಕತ್ತರಿಸಲೂ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಇತ್ತ 'ಕ್ಯಾನ್ಸರ್ ಗಡ್ಡೆ' ಎನ್ನುವಂತೆಯೂ ಇಲ್ಲ. ಅದು ಒಳಗಿನ ಅಂಗಗಳಿಗೆ ಹರಡುವುದಿಲ್ಲ. ಕತ್ತರಿಸಿದ ಜಾಗದಲ್ಲಿ ಮತ್ತೆ ಚಿಗುರುವುದೇ ಅದರ ಕಾಟ. ಹೆಸರನ್ನು ಹಾಗೇ 'ಸಾರ್ಕಾಯ್ಡ್' ಎಂದು ಉಳಿಸಿ, ವಿವರಣೆಯಲ್ಲಿ 'ಗಡ್ಡೆ' ಎಂದು ಮಾತ್ರ ಬಳಸಿದ್ದೇನೆ. ನಿಜವಾದ ನರೂಲಿ ಬೇರೆ. ಅದು ಎಳೆಯ ಕುದುರೆಗಳ ಮೂತಿಯ ಸುತ್ತ ಗುಂಪಾಗಿ ಬಂದು, ಕೆಲವು ತಿಂಗಳಲ್ಲಿ ತಾನಾಗಿಯೇ ಉದುರುತ್ತದೆ.

ಮೆಲನೋಮ ಎಂಬ ಕಪ್ಪು ಗಡ್ಡೆಯ ವಿಷಯದಲ್ಲಿ ತೊಡಕು ಗಡ್ಡೆಯದ್ದಲ್ಲ, ಕುದುರೆಯ ಬಣ್ಣದ್ದು. ಇಂಗ್ಲಿಷ್ ಪುಸ್ತಕಗಳು 'ಗ್ರೇ' ಕುದುರೆಗಳಿಗೆ ಬಾಲದ ಕೆಳಗೆ, ಗುದದ ಸುತ್ತ ಕಪ್ಪು ಗಡ್ಡೆಗಳು ಬರುತ್ತವೆ ಎನ್ನುತ್ತವೆ. ಅದನ್ನು 'ಬೂದು ಕುದುರೆ' ಎಂದು ಅನುವಾದ ಮಾಡಿದರೆ ಕೆಲಸ ಕೆಟ್ಟಿತು. ಆ ಕುದುರೆ ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವರ್ಷ ಕಳೆದಂತೆ ಕೂದಲು ಬೆಳ್ಳಗಾಗುತ್ತದೆ. ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ನಮ್ಮ ಕಣ್ಣಿಗೆ ಅದು ಬಿಳಿ ಕುದುರೆ. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ಹೆಚ್ಚಿನವಕ್ಕೆ ಈ ಗಡ್ಡೆ ಬರುತ್ತದೆ. ಕೂದಲನ್ನು ಬೆಳ್ಳಗಾಗಿಸುವ ವಂಶವಾಹಿ (ಜೀನ್) ಬದಲಾವಣೆಯನ್ನು 2008ರಲ್ಲಿ ಗುರುತಿಸಿದರು. ಗಡ್ಡೆಯ ಅಪಾಯ ಹೆಚ್ಚಿಸುವುದೂ ಅದೇ. ಬಿಳಿ ಕುದುರೆ ಸಾಕಿದವರು 'ನಮ್ಮದು ಬೂದು ಅಲ್ಲವಲ್ಲ' ಎಂದು ಪುಟ ತಿರುವಬಾರದು. 'ವಯಸ್ಸಾದಂತೆ ಬೆಳ್ಳಗಾಗುವ ಕುದುರೆ' ಎಂದು ಉದ್ದವಾಗಿಯೇ ಬರೆದೆ. ಇದಕ್ಕೆ ಒಂದೇ ಪದ ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?

ಕೊನೆಯದು ಗ್ಲಾಂಡರ್ಸ್ ಎಂಬ ಸೋಂಕು ರೋಗ. ಅದರ ಚರ್ಮದ ರೂಪದಲ್ಲಿ ಕಾಲಿನ ಒಳಬದಿ, ಪಕ್ಕೆಗಳ ಮೇಲೆ, ದುಗ್ಧರಸ (ಲಿಂಫ್) ಹರಿಯುವ ನಾಳಗಳ ಉದ್ದಕ್ಕೂ ಒಂದರ ಪಕ್ಕ ಒಂದು ಗಂಟು ಕಟ್ಟುತ್ತಾ ಹೋಗುತ್ತದೆ. ಹಾರದ ಮಣಿಗಳಂತೆ ಸಾಲು. ಆಮೇಲೆ ಒಡೆದು ಜೇನಿನ ಬಣ್ಣದ ಅಂಟುಕೀವು ಸುರಿಯುತ್ತದೆ. ಇದರ ಬ್ಯಾಕ್ಟೀರಿಯಾವನ್ನು 1882ರಲ್ಲೇ ಕಂಡುಹಿಡಿದಿದ್ದಾರೆ. ಮನುಷ್ಯರಿಗೂ ತಗಲುತ್ತದೆ, ಪ್ರಾಣಕ್ಕೇ ಕುತ್ತು. ಸಾಲಾಗಿ ಗಂಟು ಕಂಡರೆ ಬರಿಗೈಯಲ್ಲಿ ಮುಟ್ಟಬಾರದು, ಕುದುರೆಯನ್ನು ಬೇರೆ ಕಟ್ಟಿ ಸರ್ಕಾರಿ ಪಶುವೈದ್ಯರಿಗೆ ತಿಳಿಸಬೇಕು. ಕುದುರೆಯ ಮೇಲೆ ಕಾಣುವ ಹತ್ತಾರು ಬಗೆಯ ಗಂಟುಗಳಲ್ಲಿ ಇದನ್ನು ಬೇರೆಯಾಗಿ ಎತ್ತಿ ತೋರಿಸುವ ಪದ ಬೇಕೇಬೇಕು. 'ಸರಗಂಟು' ಎಂದು ಕಟ್ಟಿಕೊಂಡಿದ್ದೇನೆ. ಹೊಸ ಪದ ಕಟ್ಟುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ, ಹಳೆಯದು ಇದ್ದರೆ ಅದೇ ಲೇಸು.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಸರಗಂಟು ಎಂಬ ಪದ ಕೇಳಿದ ತಕ್ಷಣ ಸಾಲು ಹೊಳೆಯುತ್ತದೆಯೇ, ಇಲ್ಲ ಬಿಚ್ಚಿದರೆ ಸರ್ರನೆ ಬಿಚ್ಚಿಕೊಳ್ಳುವ ಹಗ್ಗದ ಗಂಟು ನೆನಪಾಗುತ್ತದೆಯೇ? ಊತ, ಬಾವುಗಳ ನಡುವೆ ನಾನು ಎಳೆದ ಗೆರೆ ನಿಮ್ಮ ಮನೆಮಾತಿನಲ್ಲೂ ಇದೆಯೇ? ಗಂಧೆ ಎಂದು ಮಹಾಪ್ರಾಣದಲ್ಲಿ ಬರೆಯುತ್ತೀರೋ, ಗಂದೆ ಎಂದೋ? ಪ್ರಾಣಿಗಳ ಮೈಗೆ ಏಳುವುದಕ್ಕೂ ಅದೇ ಪದ ಬಳಸಿದ್ದನ್ನು ಕೇಳಿದ್ದರೆ, ಕೇಳಿದ ವಾಕ್ಯವನ್ನು ಕ್ರಿಯಾಪದದ ಸಮೇತ ಇದ್ದ ಹಾಗೇ ಬರೆದು ಕಳಿಸಿ.