ಅಪ್‌ಡೇಟ್: ಎಡಗಾಲಿನ ತ್ರೀ ಟರ್ನ್ ಕೊನೆಗೂ ಬಂತು

ಹತ್ತು ದಿನಗಳ ಹಿಂದೆ ನಾನು, ಐಸ್ ಸ್ಕೇಟಿಂಗ್‌ನ ತ್ರೀ ಟರ್ನ್ (ಒಂದೇ ಕಾಲಿನ ಮೇಲೆ ಜಾರುತ್ತಲೇ ಮುಮ್ಮುಖದಿಂದ ಹಿಮ್ಮುಖಕ್ಕೆ ತಿರುಗುವುದು) ಮಾಡುವಾಗ ಎಡಗಾಲಿನ ಬ್ಲೇಡಿನ ಹೊರ ಅಂಚಿನಲ್ಲಿ ಮುಂದಕ್ಕೆ ಜಾರುತ್ತ ಹೋಗಿ ತಿರುಗಿದೊಡನೆ ಬ್ಲೇಡ್ ಕೆರೆದು ನಿಂತುಬಿಡುತ್ತದೆ, ಇದರಿಂದಾಗಿ ಮುಂದಿನ ಹಂತಕ್ಕೆ ಹೋಗಲಾಗುತ್ತಿಲ್ಲ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಬ್ಲೇಡ್ ಸಾಣೆ ಹಿಡಿಸಿದ್ದರಿಂದ ಪ್ರಯೋಜನವಾಗಲಿಲ್ಲ. ವೇಗ ಹೆಚ್ಚಿಸಿದಾಗಲಂತೂ ಎರಡು ಬಾರಿ ಬಿದ್ದೆ. ಫಲ ಕೊಟ್ಟದ್ದು ಭುಜಗಳ ಕುರಿತ ಸಲಹೆ: ಪಾದಕ್ಕಿಂತ ಮೊದಲು ದೇಹದ ಮೇಲ್ಭಾಗವನ್ನು ತಿರುಗುವ ದಿಕ್ಕಿಗೆ ಹೊರಳಿಸಿ, ಬಾಗಿದ ಮಂಡಿಯನ್ನು ತಿರುವಿನ ಕ್ಷಣದಲ್ಲಿ ತುಸು ಮೇಲೆತ್ತಿ, ತಿರುಗಿದ ಕೂಡಲೇ ಮತ್ತೆ ಬಾಗಿಸುತ್ತ ಭುಜಗಳನ್ನು ಎದುರು ದಿಕ್ಕಿಗೆ ಬಿಗಿಹಿಡಿಯಬೇಕು. ಈ ಕೊನೆಯ ಹಿಡಿತವನ್ನೇ ನಾನು ಬಿಟ್ಟುಬಿಡುತ್ತಿದ್ದೆ. ಹಾಗಾಗಿ ದೇಹ ಸುತ್ತುತ್ತಲೇ ಹೋಗುತ್ತಿತ್ತು. ಮೂರು ದಿನ ಗೋಡೆಯ ಕಂಬಿ ಹಿಡಿದು ಇದನ್ನಷ್ಟೇ ಅಭ್ಯಾಸ ಮಾಡಿದೆ.

ನನಗೆ ಅಚ್ಚರಿಯೆನಿಸಿದ ಸಂಗತಿಯೆಂದರೆ, ಬ್ಲೇಡಿನ ತಳ ಉದ್ದಕ್ಕೂ ಸಮತಟ್ಟಾಗಿರದೆ ಬಿಲ್ಲಿನಂತೆ ತುಸು ಬಾಗಿರುತ್ತದೆ ಮತ್ತು ತಿರುವು ನಡೆಯುವುದು ಹೆಬ್ಬೆರಳಿನ ಬುಡದ ಕೆಳಗಿನ ಭಾಗದಲ್ಲಿ. ಭಾರ ಅದಕ್ಕಿಂತ ಮುಂದೆ ಬಿದ್ದರೆ ತುದಿಯ ಹಲ್ಲುಗಳು ಮಂಜುಗಡ್ಡೆಗೆ ತಾಗುತ್ತವೆ. ನನಗೆ ಕೇಳಿಸುತ್ತಿದ್ದ ಆ ಕೆರೆತ ಇದೇ. ಪ್ರತಿ ಸಲವೂ ಹಿಂದಿರುಗಿ ಗೀರನ್ನು ನೋಡಿ ಎಂದವರ ಮಾತನ್ನು ಎಲ್ಲ ಕಲಿಕೆಗಾರರೂ ಪಾಲಿಸಬೇಕೆಂದು ನನ್ನ ಬಲವಾದ ಅಭಿಪ್ರಾಯ. ನಿನ್ನೆ 3ರ ಅಂಕಿಯಂಥ ಗೀರಿನ ನಡುವಿನ ಮೊನೆ ಪುಡಿ ಮಂಜಿಲ್ಲದೆ ಚೂಪಾಗಿ ಮೂಡಿತ್ತು, ಅದರಾಚೆ ಒಳ ಅಂಚಿನ ಗೆರೆ ಹಿಮ್ಮುಖವಾಗಿ ಉದ್ದಕ್ಕೆ ಸಾಗಿತ್ತು. ಬಲಗಾಲಿನ ಅಭ್ಯಾಸವನ್ನು ನಾಳೆಯಿಂದ ಆರಂಭಿಸುತ್ತೇನೆ.